ಬಿಕ್ಕಟ್ಟಿನಲ್ಲಿ ಬಡ್ಡಿದರ: ಕೋವಿಡ್ ಕಾಲದ ರಿಸರ್ವ್ ಬ್ಯಾಂಕ್

ವಾಣಿಜ್ಯ ಬ್ಯಾಂಕುಗಳು ಸರ್ಕಾರಿ ಸಾಲಪತ್ರಗಳನ್ನು ಅಡವಿಟ್ಟು ರಿಸರ್ವ್ ಬ್ಯಾಂಕಿನಿಂದ ಅಲ್ಪಾವಧಿಗೆ ಸಾಲ ಪಡೆಯುತ್ತವೆ. ಆ ಸಾಲದ ಬಡ್ಡಿಯೇ ರೆಪೊ ದರ. ಅದು ಇಳಿದರೆ ಬ್ಯಾಂಕಿಗೆ ಹಣ ಅಗ್ಗವಾಗುತ್ತದೆ. ಮನೆ, ವಾಹನ, ವ್ಯಾಪಾರದ ಸಾಲವೂ ಅಗ್ಗವಾಗಬೇಕು. ಬಿಕ್ಕಟ್ಟಿನಲ್ಲಿ ಕೇಂದ್ರೀಯ ಬ್ಯಾಂಕು ಮೊದಲು ಕೈಯಿಡುವುದು ಇಲ್ಲಿಗೇ.

2020ರ ಮಾರ್ಚ್‌ನಲ್ಲಿ ದೇಶಕ್ಕೆ ಬೀಗ ಬಿದ್ದಾಗ ರೆಪೊ ದರ ನಿರ್ಧರಿಸುವ ಹಣಕಾಸು ನೀತಿ ಸಮಿತಿ ನಿಗದಿತ ದಿನಕ್ಕೆ ಕಾಯದೆ ಸಭೆ ಸೇರಿತು. ಮಾರ್ಚ್ 27ರಂದು ಗವರ್ನರ್ ಶಕ್ತಿಕಾಂತ ದಾಸ್ ರೆಪೊ ದರವನ್ನು ಶೇ 5.15ರಿಂದ 4.40ಕ್ಕೆ ಇಳಿಸಿದರು, ಮೇ 22ರಂದು ಅದು ಶೇ 4ಕ್ಕೆ ಬಂತು. ಬ್ಯಾಂಕುಗಳು ಠೇವಣಿಯ ಒಂದು ಪಾಲನ್ನು ರಿಸರ್ವ್ ಬ್ಯಾಂಕಿನಲ್ಲಿ ನಗದಾಗಿ ಇಡಲೇಬೇಕೆಂಬ ನಿಯಮವಿದೆ. ಆ ಪಾಲನ್ನು ಶೇ 4ರಿಂದ 3ಕ್ಕೆ ತಗ್ಗಿಸಿದ್ದರಿಂದಲೇ 1.37 ಲಕ್ಷ ಕೋಟಿ ರೂಪಾಯಿ ಬ್ಯಾಂಕುಗಳ ಕೈಗೆ ಬಂತು. ಸಾಲದ ಕಂತುಗಳನ್ನು ಮೊದಲು ಮೂರು ತಿಂಗಳು, ಬಳಿಕ ಆಗಸ್ಟ್ 31ರವರೆಗೆ ಮುಂದೂಡಲು ಅವಕಾಶ ಸಿಕ್ಕಿತು. ಕಂತು ನಿಂತರೂ ಬಡ್ಡಿ ನಿಲ್ಲಲಿಲ್ಲ ಎಂಬುದು ಎಷ್ಟೋ ಸಾಲಗಾರರಿಗೆ ತಿಳಿದದ್ದು ತಡವಾಗಿ.

ಹಣ ಅಗ್ಗವಾದ ಮಾತ್ರಕ್ಕೆ ಅದು ಅಂಗಡಿ, ಕಾರ್ಖಾನೆಗಳನ್ನು ತಲುಪುವುದಿಲ್ಲ. ಇದೇ ಈ ನೀತಿಯ ದೊಡ್ಡ ಮಿತಿ. ಗಿರಾಕಿಯೇ ಇಲ್ಲದಾಗ ವ್ಯಾಪಾರಿ ಸಾಲ ಮಾಡಲಾರ. ಮರುಪಾವತಿಯ ಭರವಸೆ ಇಲ್ಲದಾಗ ಬ್ಯಾಂಕು ಕೊಡಲಾರದು. ಆಗ ಬ್ಯಾಂಕುಗಳು ಮಿಕ್ಕ ಲಕ್ಷಾಂತರ ಕೋಟಿ ರೂಪಾಯಿಗಳನ್ನು ಮರಳಿ ರಿಸರ್ವ್ ಬ್ಯಾಂಕಿನಲ್ಲೇ ಇಟ್ಟವು. ಹಾಗೆ ಇಟ್ಟ ಹಣಕ್ಕೆ ಸಿಗುವ ರಿವರ್ಸ್ ರೆಪೊ ಬಡ್ಡಿಯನ್ನು ಶೇ 3.35ಕ್ಕೆ ಇಳಿಸಿದರೂ ಅಂಜಿಕೆ ಹೋಗಲಿಲ್ಲ. ದುಡಿಮೆ ಕಳೆದುಕೊಂಡವರ ಕೈಗೆ ಕಾಸು ಕೊಡುವುದು ಸರ್ಕಾರದ ಬೊಕ್ಕಸದ ಕೆಲಸ. ಬಡ್ಡಿದರ ಆ ಕೆಲಸ ಮಾಡಲಾರದು.

ಹರಿಸಿದ ಹಣವನ್ನು ಹಿಂದಕ್ಕೆ ಎಳೆಯುವುದು ಇನ್ನೂ ಕಷ್ಟ. ಬೆಲೆ ಏರಿಕೆಯನ್ನು ಶೇ 4ರ ಸುತ್ತ, ಹೆಚ್ಚೆಂದರೆ 6ರೊಳಗೆ ಹಿಡಿದಿಡುವುದು ರಿಸರ್ವ್ ಬ್ಯಾಂಕಿನ ಕಾನೂನುಬದ್ಧ ಹೊಣೆ. ಉಕ್ರೇನ್ ಯುದ್ಧದಿಂದ ಎಣ್ಣೆ, ಧಾನ್ಯ ದುಬಾರಿಯಾಗಿ 2022ರ ಏಪ್ರಿಲ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ 7.79 ಮುಟ್ಟಿತು. ಮೇ 4ರಂದು ಮತ್ತೆ ಅನಿರೀಕ್ಷಿತ ಘೋಷಣೆ ಬಂತು, ಈ ಸಲ ದರ ಏರಿಕೆಗೆ. 2023ರ ಫೆಬ್ರುವರಿಗೆ ರೆಪೊ ದರ ಶೇ 6.50 ಆಯಿತು. ಅಗ್ಗದ ಕಾಲದಲ್ಲಿ ಬದಲಾಗುವ ಬಡ್ಡಿಗೆ ಮನೆ ಸಾಲ ತೆಗೆದಿದ್ದವರಿಗೆ ಒಂದೋ ಕಂತು ಹೆಚ್ಚಿತು, ಇಲ್ಲವೇ ಸಾಲ ತೀರುವ ವರ್ಷಗಳು ಹೆಚ್ಚಿದವು.