ಬೆಳ್ಳಿ ಶಿಲುಬೆಯ ಕೈಸರ: ಹೊಳಪಿಗೆ ಮರುಳಾಗಬೇಡಿ, ಮುದ್ರೆ ನೋಡಿ!

ಹೂಟಗಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬಿಡೋ ಹೊತ್ತಿಗೆ ಬಸ್ ಹತ್ತಿ ನೋಡಿ. ಕಂಬಿ ಹಿಡಿದ ಕೈಗಳಲ್ಲಿ ಕಾಶಿದಾರ, ತಾಮ್ರದ ಕಡಗ, ತಾಯಿತ, ನಡುನಡುವೆ ಒಂದೊಂದು ಬೆಳ್ಳಿ ಶಿಲುಬೆಯ ಕೈಸರ. ನಂಬಿಕೆ ಅವರವರದು, ಅದರಲ್ಲಿ ನಮ್ಮ ತಕರಾರಿಲ್ಲ. ತಕರಾರಿರೋದು ಅದನ್ನು ಕೆಲವರು ಮಾರುವ ರೀತಿಯ ಮೇಲೆ.

ಮಗುವಿನ ಪ್ರಥಮ ಪರಮಪ್ರಸಾದ, ದೃಢೀಕರಣ, ಕ್ರಿಸ್‌ಮಸ್ ಬಂತೆಂದರೆ ಅಜ್ಜಿಯೋ ಸೋದರಮಾವನೋ ಏನಾದರೂ ಕೊಡಲೇಬೇಕು. ಚಿನ್ನವಂತೂ ಮುಟ್ಟುವ ಹಾಗಿಲ್ಲ. ಬಡವರ ಪಾಲಿಗಿದ್ದ ಬೆಳ್ಳಿಯೂ 2025ರಲ್ಲಿ ಚಿನಿವಾರಪೇಟೆಯಲ್ಲಿ ಕೆ.ಜಿ.ಗೆ ಲಕ್ಷ ರೂಪಾಯಿ ದಾಟಿತು. ಓವರ್‌ಟೈಮ್ ದುಡಿದ ದುಡ್ಡು ಸುರಿದು ಬೆಳ್ಳಿ ಹೆಸರಲ್ಲಿ ಬೇರೇನನ್ನೋ ತಂದರೆ ಹೊಟ್ಟೆ ಉರಿಯೋದಿಲ್ವೇ?

ಬೇರೇನು ಅಂದರೆ, 'ಜರ್ಮನ್ ಸಿಲ್ವರ್'. ಹೆಸರಿನಲ್ಲಷ್ಟೇ ಬೆಳ್ಳಿ, ಒಳಗಿರೋದು ತಾಮ್ರ, ಸತು, ನಿಕ್ಕಲ್. ಬೆವರಿದ ಕೈಗೆ ಈ ನಿಕ್ಕಲ್ ತಾಗಿ ಕೆಲವರಿಗೆ ತುರಿಕೆ, ಗುಳ್ಳೆ ಏಳುತ್ತೆ. ಹಬ್ಬದ ಸಾಲಂಗಡಿಯಲ್ಲಿ ಅಗ್ಗಕ್ಕೆ ತಗೊಂಡರೆ ಅಡ್ಡಿಯಿಲ್ಲ, ಆದರೆ ಬೆಳ್ಳಿಯ ಬೆಲೆ ಕೊಡಬೇಡಿ.

ದಿನಾ ಹಾಕಿಕೊಳ್ಳೋದಕ್ಕೆ 925ರ ಬೆಳ್ಳಿ ಸರಿ. ನೂರು ಭಾಗದಲ್ಲಿ ತೊಂಬತ್ತೆರಡೂವರೆ ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಅಪ್ಪಟವೇ ಬೇಕೆಂದು ಹಟ ಹಿಡಿಯುವವರಿದ್ದಾರೆ. ಅಪ್ಪಟ ಬೆಳ್ಳಿ ಮೆತ್ತಗೆ, ಬೇಗ ಬಾಗುತ್ತೆ, ಸವೆಯುತ್ತೆ. ಇನ್ನು ಕೆಳಗೆ 900, 835, 800ರ ದರ್ಜೆಗಳೂ ಉಂಟು. ತಪ್ಪಲ್ಲ, ಬೆಲೆ ಮಾತ್ರ ಅದಕ್ಕೆ ತಕ್ಕಂತಿರಬೇಕು. ಗ್ರಾಂ ಶುದ್ಧ ಬೆಳ್ಳಿಗೆ 200 ರೂಪಾಯಿ ಅಂತ ಲೆಕ್ಕಕ್ಕೆ ಹಿಡಿಯಿರಿ. ಹತ್ತು ಗ್ರಾಂ ಕೈಸರ 925ರದ್ದಾದರೆ ಒಳಗಿರುವ ಬೆಳ್ಳಿ 1,850 ರೂಪಾಯಿಯದು, 800ರದ್ದಾದರೆ 1,600. ಕಣ್ಣಿಗೆ ಎರಡೂ ಒಂದೇ!

ಅದಕ್ಕೇ ಮುದ್ರೆ ನೋಡಿ ಅನ್ನೋದು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಯ ಹಾಲ್‌ಮಾರ್ಕ್‌ನಲ್ಲಿ ಬಿ.ಐ.ಎಸ್. ಗುರುತು, ಶುದ್ಧತೆಯ ಅಂಕಿ, ಜೊತೆಗೆ ಆರು ಅಕ್ಷರ-ಅಂಕಿಗಳ ಎಚ್.ಯು.ಐ.ಡಿ. ಸಂಖ್ಯೆ ಬಂತು. ಆ ಸಂಖ್ಯೆಯನ್ನು ಮೊಬೈಲಿನ 'ಬಿ.ಐ.ಎಸ್. ಕೇರ್' ಆ್ಯಪ್‌ನಲ್ಲಿ ಹಾಕಿದರೆ ಜಾತಕವೇ ಹೊರಗೆ ಬೀಳುತ್ತೆ. ಚಿನ್ನಕ್ಕೆ 2021ರಲ್ಲೇ ಮುದ್ರೆ ಕಡ್ಡಾಯ ಮಾಡಲು ಹೊರಟ ಸರ್ಕಾರ, ಬೆಳ್ಳಿಗೆ ಈ ಹೊಸ ಪದ್ಧತಿ ತಂದಾಗ ಮಾತ್ರ ಅಂಗಡಿಯವರ ಇಷ್ಟಕ್ಕೆ ಬಿಟ್ಟಿತು. ಯಾಕೆ ಸ್ವಾಮಿ, ಬೆಳ್ಳಿ ಕೊಳ್ಳುವವರ ದುಡ್ಡು ದುಡ್ಡಲ್ಲವೇ?

ಅಶೋಕ ರಸ್ತೆಯಲ್ಲಿ ಬೆಳ್ಳಿ ಅಂಗಡಿಗಳಿಗೆ ಬರವಿಲ್ಲ. 1933ರಲ್ಲಿ ನಾಲ್ವಡಿಯವರು ಅಡಿಗಲ್ಲಿಟ್ಟ ಸಂತ ಫಿಲೋಮಿನಾ ಚರ್ಚೂ ಅದೇ ರಸ್ತೆಯಲ್ಲಿದೆ. ನಾಲ್ಕು ಕಡೆ ವಿಚಾರಿಸಿ. ತೂಕ, ದರ್ಜೆ, ಕೂಲಿ, ಶೇಕಡ 3ರ ಜಿ.ಎಸ್.ಟಿ. ಬೇರೆ ಬೇರೆ ಬರೆದ ಪಕ್ಕಾ ಬಿಲ್ಲು ಕೇಳಿ. 'ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ಕೊಡ್ತೀನಿ' ಅಂದರೆ ಎದ್ದು ಬನ್ನಿ. ನಾಳೆ ಗ್ರಾಹಕರ ಆಯೋಗಕ್ಕೆ ಹೋದಾಗ ಕಚ್ಚಾ ಚೀಟಿ ಹಿಡಿದು ವಾದ ಮಾಡೋದು ಕಷ್ಟ.

ಇನ್ನು ನಮೂನೆ. ತೂಗಾಡುವ ಶಿಲುಬೆ ಅಂಗಡಿಯಲ್ಲಿ ಚೆಂದ, ಆಮೇಲೆ ಸ್ವೆಟರಿಗೂ ಸೀರೆ ಜರಿಗೂ ಸಿಕ್ಕಿಕೊಳ್ಳುತ್ತೆ. ಎರಡೂ ತುದಿಗೆ ಸರಪಳಿ ಬೆಸೆದು ಅಡ್ಡಲಾಗಿ ಕೂರುವ ಶಿಲುಬೆ ವಾಸಿ. ಬಳೆಗಳ ಬೆಸುಗೆಯಲ್ಲಿ ಸಂದಿ ಇದೆಯೇ ನೋಡಿ, ಕೊಂಡಿಯನ್ನು ನಾಲ್ಕು ಸಲ ಹಾಕಿ ತೆಗೆಯಿರಿ. ಮಣಿಕಟ್ಟನ್ನು ದಾರದಲ್ಲಿ ಅಳೆದು ಅರ್ಧ ಇಂಚು ಸೇರಿಸಿ. ಮಕ್ಕಳಿಗಾದರೆ ತುದಿಯಲ್ಲಿ ನಾಲ್ಕೈದು ಬಳೆ ಹೆಚ್ಚಿಗೆ ಹಾಕಿಸಿ. ಯೇಸುವಿನ ಸ್ವರೂಪ ಇರುವ ಶಿಲುಬೆಯೋ ಬರೀ ಶಿಲುಬೆಯೋ ಅನ್ನೋದನ್ನು ಆ ಮನೆಯವರನ್ನೇ ಕೇಳಿಬಿಡಿ. ಕ್ಯಾಥೋಲಿಕರಲ್ಲಿ, ಸಿ.ಎಸ್.ಐ.ನವರಲ್ಲಿ ರೂಢಿ ಬೇರೆ.

ಕಾರ್ಖಾನೆಯವರು ಇದನ್ನು ಗಮನವಿಟ್ಟು ಓದಿ. ಲೇತು, ಡ್ರಿಲ್ಲು, ಪ್ರೆಸ್ ಮುಂದೆ ನಿಲ್ಲುವವರು ಕೈಸರ ಬಿಚ್ಚಿಡಲೇಬೇಕು. ತಿರುಗೋ ಯಂತ್ರಕ್ಕೆ ಸರಪಳಿ ಸಿಕ್ಕಿದರೆ ಮೊದಲು ಹೋಗೋದು ಬೆರಳು. ಎಲೆಕ್ಟ್ರಿಕ್ ಕೆಲಸದವರಂತೂ ಹತ್ತಿರವೂ ಇಟ್ಟುಕೊಳ್ಳಬಾರದು. ಲೋಹಗಳಲ್ಲೆಲ್ಲ ಕರೆಂಟನ್ನು ಅತಿ ಚೆನ್ನಾಗಿ ಹರಿಸೋದು ಬೆಳ್ಳಿಯೇ. ಅಂಥವರಿಗೆ ಉಡುಗೊರೆಯಾಗಿ ಜಪಸರ ಕೊಡಿ, ಜೇಬಿನಲ್ಲಿರುತ್ತೆ.

ಕಪ್ಪಾಯಿತೆಂದು ಅಂಗಡಿಯವರ ಮೇಲೆ ಜಗಳಕ್ಕೆ ಹೋಗಬೇಡಿ. ಗಾಳಿಯ ಗಂಧಕ, ರಬ್ಬರ್ ಗ್ಲೌಸು ತಾಗಿದರೆ ಒಳ್ಳೆ ಬೆಳ್ಳಿಯೂ ಕಪ್ಪಾಗುತ್ತೆ. ಅಂಟುವಾಳದ ನೀರಲ್ಲಿ ತೊಳೆದು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಟೂತ್‌ಪೇಸ್ಟು ಹಾಕಿ ಉಜ್ಜಿದರೆ ಗೀರು ಬೀಳುತ್ತೆ. ಹೆಸರು ಕೊರೆಸುವ ಮುಂಚೆ ಅಳತೆ ಸರಿಯೇ ನೋಡಿಕೊಳ್ಳಿ, ಕೊರೆಸಿದ್ದನ್ನು ಯಾರೂ ವಾಪಸು ತಗೊಳ್ಳೋದಿಲ್ಲ.