ಪ್ರೋಟೀನ್ ಸಂಕೇತವಿಲ್ಲದ ಆರ್‌ಎನ್‌ಎಗಳು ಮತ್ತು ಯಕೃತ್ತಿನ ಕ್ಯಾನ್ಸರಿನ ಮುನ್ಸೂಚನೆ

ಪೀಠಿಕೆ

ಜಗತ್ತಿನಲ್ಲಿ ಅತಿ ಹೆಚ್ಚು ಸಾವಿಗೆ ಕಾರಣವಾಗುವ ಕ್ಯಾನ್ಸರುಗಳಲ್ಲಿ ಯಕೃತ್ತಿನ ಕ್ಯಾನ್ಸರಿಗೆ ಮೂರನೆಯ ಸ್ಥಾನವಿದೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಸುಮಾರು 8.66 ಲಕ್ಷ ಜನರಲ್ಲಿ ಈ ರೋಗ ಹೊಸದಾಗಿ ಕಾಣಿಸಿಕೊಂಡಿತು; ಅದೇ ವರ್ಷ ಸುಮಾರು 7.58 ಲಕ್ಷ ಜನರು ಇದರಿಂದ ಮೃತಪಟ್ಟರು. ಈ ಎರಡು ಸಂಖ್ಯೆಗಳ ಸಾಮೀಪ್ಯವೇ ರೋಗದ ಉಗ್ರತೆಯನ್ನು ತಿಳಿಸುತ್ತದೆ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್ಸುಗಳ ದೀರ್ಘಕಾಲದ ಸೋಂಕು, ಅತಿಯಾದ ಮದ್ಯಪಾನ, ಯಕೃತ್ತಿನಲ್ಲಿ ಕೊಬ್ಬಿನ ಶೇಖರಣೆ, ಬೂಷ್ಟು ಹಿಡಿದ ಕಡಲೆಕಾಯಿ ಹಾಗೂ ಮುಸುಕಿನ ಜೋಳದಲ್ಲಿ ಉಂಟಾಗುವ ಅಫ್ಲಾಟಾಕ್ಸಿನ್ ವಿಷ ಇದರ ಮುಖ್ಯ ಕಾರಣಗಳು.

ಒಂದೇ ಗಾತ್ರದ ಗಡ್ಡೆಯನ್ನು ಒಂದೇ ಹಂತದಲ್ಲಿ ತೆಗೆಸಿಕೊಂಡ ಇಬ್ಬರು ರೋಗಿಗಳಲ್ಲಿ ಒಬ್ಬರು ಹಲವು ವರ್ಷ ಆರೋಗ್ಯದಿಂದಿರಬಹುದು. ಇನ್ನೊಬ್ಬರಲ್ಲಿ ಒಂದೇ ವರ್ಷದೊಳಗೆ ರೋಗ ಮರುಕಳಿಸಬಹುದು. ಶಸ್ತ್ರಚಿಕಿತ್ಸೆಯ ನಂತರದ ಐದು ವರ್ಷಗಳಲ್ಲಿ ಶೇಕಡ 70ರವರೆಗೂ ಮರುಕಳಿಕೆ ಕಂಡುಬರುತ್ತದೆ. ಈ ಇಬ್ಬರನ್ನು ಮೊದಲೇ ಬೇರ್ಪಡಿಸಿ ಗುರುತಿಸುವುದು ಹೇಗೆ ಎಂಬುದೇ ಇಲ್ಲಿನ ಪ್ರಶ್ನೆ.

ಈಗಿರುವ ಅಳತೆಗೋಲುಗಳು

ಗಡ್ಡೆಯ ಗಾತ್ರ ಮತ್ತು ಸಂಖ್ಯೆ, ರಕ್ತನಾಳಗಳಿಗೆ ಹರಡಿರುವಿಕೆ, ಯಕೃತ್ತಿನ ಉಳಿದ ಕಾರ್ಯಸಾಮರ್ಥ್ಯ ಇವುಗಳ ಆಧಾರದ ಮೇಲೆ ವೈದ್ಯರು ರೋಗದ ಗತಿಯನ್ನು ಅಂದಾಜು ಮಾಡುತ್ತಾರೆ. 1996ರಲ್ಲಿ ಪ್ರಕಟವಾದ ಮಿಲಾನ್ ಮಾನದಂಡದ ಪ್ರಕಾರ 5 ಸೆಂಟಿಮೀಟರ್ ಮೀರದ ಒಂದು ಗಡ್ಡೆ, ಅಥವಾ ತಲಾ 3 ಸೆಂಟಿಮೀಟರ್ ಮೀರದ ಮೂರರವರೆಗಿನ ಗಡ್ಡೆಗಳಿರುವವರು ಯಕೃತ್ತಿನ ಕಸಿಗೆ ಯೋಗ್ಯರು. ಗಾತ್ರವನ್ನು ಹೇಳುವ ಈ ಮಾನದಂಡ ಗಡ್ಡೆಯ ಸ್ವಭಾವವನ್ನು ಹೇಳುವುದಿಲ್ಲ. ರಕ್ತದಲ್ಲಿ ಅಳೆಯುವ ಆಲ್ಫಾ ಫೀಟೋಪ್ರೋಟೀನ್ ಕೂಡ ಅನೇಕ ರೋಗಿಗಳಲ್ಲಿ ಹೆಚ್ಚಿರುವುದಿಲ್ಲ. ಕ್ಯಾನ್ಸರ್ ಇಲ್ಲದ ಹೆಪಟೈಟಿಸ್ ಮತ್ತು ಸಿರೋಸಿಸ್ ರೋಗಿಗಳಲ್ಲಿ ಕೆಲವೊಮ್ಮೆ ಏರಿರುತ್ತದೆ.

ಸಂಕೇತವಿಲ್ಲದ ಆರ್‌ಎನ್‌ಎಗಳ ಸ್ವರೂಪ

ಮಾನವನ ಡಿಎನ್‌ಎಯಲ್ಲಿ ಪ್ರೋಟೀನಿನ ರಚನೆಯನ್ನು ನಿರ್ದೇಶಿಸುವ ಭಾಗ ಶೇಕಡ 2ಕ್ಕಿಂತಲೂ ಕಡಿಮೆ. ಉಳಿದ ಭಾಗದಿಂದಲೂ ಅಸಂಖ್ಯ ಆರ್‌ಎನ್‌ಎಗಳು ಹುಟ್ಟುತ್ತವೆ. ಇವುಗಳಲ್ಲಿ ಸುಮಾರು 22 ಘಟಕಗಳಷ್ಟು ಉದ್ದದವು ಮೈಕ್ರೋ ಆರ್‌ಎನ್‌ಎಗಳು. 200 ಘಟಕಗಳಿಗಿಂತ ಉದ್ದವಾದವು ದೀರ್ಘ ಆರ್‌ಎನ್‌ಎಗಳು. ಮೈಕ್ರೋ ಆರ್‌ಎನ್‌ಎಯು ತನಗೆ ಹೊಂದುವ ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು ಅದರಿಂದ ಪ್ರೋಟೀನ್ ತಯಾರಾಗದಂತೆ ತಡೆಯುತ್ತದೆ. 1993ರಲ್ಲಿ ಸೂಕ್ಷ್ಮವಾದ ದುಂಡುಹುಳುವೊಂದರಲ್ಲಿ ಈ ತತ್ತ್ವವನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಅವರಿಗೆ 2024ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು.

ಮೈಕ್ರೋ ಆರ್‌ಎನ್‌ಎಗಳು ಸುಲಭವಾಗಿ ನಾಶವಾಗುವುದಿಲ್ಲ. ಫಾರ್ಮಲಿನ್ನಿನಲ್ಲಿಟ್ಟು ಮೇಣದಲ್ಲಿ ಅಚ್ಚು ಹಾಕಿದ ಹಳೆಯ ಅಂಗಾಂಶಗಳಲ್ಲಿಯೂ ಅವುಗಳನ್ನು ಅಳೆಯಬಹುದು. ರಕ್ತದಲ್ಲಿ ಅವು ಪ್ರೋಟೀನುಗಳಿಗೆ ಅಂಟಿಕೊಂಡು ಅಥವಾ ಸೂಕ್ಷ್ಮ ಕೋಶಿಕೆಗಳಲ್ಲಿ ಅಡಗಿ ಸುರಕ್ಷಿತವಾಗಿರುತ್ತವೆ. ರೋಗಸೂಚಕಗಳಾಗಿ ಅವು ಗಮನ ಸೆಳೆಯಲು ಇದು ಮುಖ್ಯ ಕಾರಣ.

ಎರಡು ಉದಾಹರಣೆಗಳು

ಯಕೃತ್ತಿನ ಜೀವಕೋಶಗಳಲ್ಲಿರುವ ಮೈಕ್ರೋ ಆರ್‌ಎನ್‌ಎಗಳ ಪೈಕಿ ಸುಮಾರು ಶೇಕಡ 70ರಷ್ಟು ಮೈಆರ್-122 ಎಂಬ ಒಂದೇ ಬಗೆಯದು. ಗಡ್ಡೆಯಲ್ಲಿ ಇದರ ಪ್ರಮಾಣ ಕುಸಿದರೆ ಜೀವಕೋಶಗಳು ಯಕೃತ್ತಿನ ಗುಣವನ್ನೇ ಕಳೆದುಕೊಳ್ಳುತ್ತಿವೆ ಎಂದರ್ಥ. ಇಂಥ ಗಡ್ಡೆಗಳು ಬೇರೆಡೆಗೆ ಹರಡುವ ಸಂಭವ ಹೆಚ್ಚೆಂದೂ ರೋಗಿಯ ಆಯುಷ್ಯ ಕಡಿಮೆಯೆಂದೂ 2009ರ ಅಧ್ಯಯನವೊಂದು ತೋರಿಸಿತು. ಆದರೆ ಯಕೃತ್ತಿನ ಜೀವಕೋಶಗಳು ಹಾನಿಗೊಂಡಾಗ ಇದೇ ಅಣು ರಕ್ತಕ್ಕೆ ಸೋರಿ ಅಲ್ಲಿ ಅದರ ಪ್ರಮಾಣ ಏರುತ್ತದೆ. ಆದ್ದರಿಂದ ಅಂಗಾಂಶದ ಅಳತೆಯ ಅರ್ಥವನ್ನು ರಕ್ತದ ಅಳತೆಗೆ ಹಚ್ಚಲಾಗದು.

ಎರಡನೆಯದು ಮೈಆರ್-26. ಚೀನಾದ 455 ರೋಗಿಗಳನ್ನು ಒಳಗೊಂಡು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಡ್ಡೆಯಲ್ಲಿ ಈ ಅಣು ಕಡಿಮೆಯಿದ್ದವರು ಹೆಚ್ಚು ಕಾಲ ಬದುಕಲಿಲ್ಲ ಎಂಬುದು ತಿಳಿದುಬಂತು. ಆದರೆ ಶಸ್ತ್ರಚಿಕಿತ್ಸೆಯ ನಂತರ ಇಂಟರ್‌ಫೆರಾನ್ ಕೊಟ್ಟಾಗ ಅದರ ಪ್ರಯೋಜನ ಹೆಚ್ಚಾಗಿ ದೊರೆತದ್ದು ಇವರಿಗೇ. ರೋಗದ ಗತಿಯನ್ನು ಹೇಳುವುದು ಒಂದು, ಯಾವ ಔಷಧ ಯಾರಿಗೆ ಒಗ್ಗುವುದೆಂದು ಹೇಳುವುದು ಇನ್ನೊಂದು. ಇಲ್ಲಿ ಒಂದೇ ಅಣು ಎರಡನ್ನೂ ಸೂಚಿಸಿತು. ಮುನ್ಸೂಚನೆ ಕೆಟ್ಟದಾಗಿದ್ದ ಮಾತ್ರಕ್ಕೆ ಚಿಕಿತ್ಸೆಯನ್ನು ಕೈಬಿಡಬೇಕಾಗಿಲ್ಲ ಎಂಬುದಕ್ಕೆ ಇದು ನಿದರ್ಶನ.

ದೀರ್ಘ ಆರ್‌ಎನ್‌ಎಗಳ ಪೈಕಿ 2007ರಲ್ಲಿ ವರದಿಯಾದ ಹಲ್ಕ್ ಎಂಬುದು ಯಕೃತ್ತಿನ ಕ್ಯಾನ್ಸರಿನಲ್ಲಿ ಬಹಳವಾಗಿ ಹೆಚ್ಚುತ್ತದೆ. ರಕ್ತದಲ್ಲಿಯೂ ಅದು ಪತ್ತೆಯಾಗಿದೆ. ಮಲಾಟ್-1 ಮತ್ತು ಹೋಟೇರ್ ಎಂಬವು ಹೆಚ್ಚಾಗಿರುವ ಗಡ್ಡೆಗಳಲ್ಲಿ, ಯಕೃತ್ತಿನ ಕಸಿಯ ಬಳಿಕವೂ ಮರುಕಳಿಕೆಯ ಸಂಭವ ಹೆಚ್ಚೆಂದು 2011ರ ಅಧ್ಯಯನಗಳು ಸೂಚಿಸಿದವು. ದಾನಿಗಳ ಯಕೃತ್ತು ವಿರಳವಾಗಿರುವಾಗ ಈ ಮಾಹಿತಿಗೆ ವಿಶೇಷ ಮಹತ್ವವಿದೆ.

ತೊಡಕುಗಳು

ಇಷ್ಟೆಲ್ಲ ಸಂಶೋಧನೆಯ ನಂತರವೂ ಪ್ರಮುಖ ಚಿಕಿತ್ಸಾ ಮಾರ್ಗಸೂಚಿಗಳು ಈ ಅಣುಗಳನ್ನು ನಿತ್ಯದ ಬಳಕೆಗೆ ಶಿಫಾರಸು ಮಾಡಿಲ್ಲ. ಇದಕ್ಕೆ ಕಾರಣಗಳು ಹಲವು. ಮೊದಲನೆಯದಾಗಿ, ಅಳತೆಯ ವಿಧಾನಗಳಲ್ಲಿ ಏಕರೂಪತೆಯಿಲ್ಲ. ಯಾವ ಅಣುವಿಗೆ ಹೋಲಿಸಿ ಪ್ರಮಾಣವನ್ನು ನಿರ್ಧರಿಸಬೇಕೆಂಬ ಬಗ್ಗೆ ಒಮ್ಮತವಿಲ್ಲ. ರಕ್ತದ ಮಾದರಿಯಲ್ಲಿ ಕೆಂಪು ಕಣಗಳು ಒಡೆದರೂ ಫಲಿತಾಂಶ ಏರುಪೇರಾಗುತ್ತದೆ. ಎರಡನೆಯದಾಗಿ, ಸಾವಿರಾರು ಅಣುಗಳಲ್ಲಿ ಕೆಲವನ್ನು ಆರಿಸಿ ಕೆಲವೇ ನೂರು ರೋಗಿಗಳ ಮಾಹಿತಿಗೆ ಹೊಂದಿಸಿದಾಗ ಆಕಸ್ಮಿಕ ಹೊಂದಾಣಿಕೆಯೂ ನಿಯಮದಂತೆ ತೋರಬಹುದು. ಬೇರೆ ಊರಿನ, ಬೇರೆ ರೋಗಿಗಳಲ್ಲಿ ಪರೀಕ್ಷಿಸಿದ ಮೇಲಷ್ಟೇ ಅದರ ಸತ್ಯಾಸತ್ಯತೆ ತಿಳಿಯುತ್ತದೆ. ಮೂರನೆಯದಾಗಿ, ಹೆಪಟೈಟಿಸ್ ಬಿ ಸೋಂಕಿನಿಂದ ಬಂದ ಕ್ಯಾನ್ಸರಿಗೆ ಹೊಂದುವ ಸೂಚಕ ಮದ್ಯಪಾನದಿಂದ ಬಂದದ್ದಕ್ಕೂ ಹೊಂದೀತೆಂದು ಭಾವಿಸುವಂತಿಲ್ಲ. ಕೊನೆಯದಾಗಿ, ಒಂದೇ ಗಡ್ಡೆಯ ಬೇರೆಬೇರೆ ಭಾಗಗಳು ಭಿನ್ನ ಗುಣದವಾಗಿರುವುದರಿಂದ ಸೂಜಿಯಿಂದ ತೆಗೆದ ಚಿಕ್ಕ ತುಣುಕು ಇಡೀ ಗಡ್ಡೆಯನ್ನು ಪ್ರತಿನಿಧಿಸದೆ ಇರಬಹುದು.

ಉಪಸಂಹಾರ

ರೋಗಸೂಚಕದ ಬೆಲೆ ಅದು ವೈದ್ಯರ ನಿರ್ಧಾರವನ್ನು ರೋಗಿಗೆ ಹಿತವಾಗುವಂತೆ ಬದಲಿಸುತ್ತದೆಯೇ ಎಂಬುದರ ಮೇಲೆ ನಿಂತಿದೆ. ಯಾರಿಗೆ ಹೆಚ್ಚು ಬಾರಿ ಸ್ಕ್ಯಾನ್ ಮಾಡಬೇಕು, ಯಾರಿಗೆ ಹೆಚ್ಚುವರಿ ಔಷಧ ಕೊಡಬೇಕು, ಯಾರನ್ನು ಅನಗತ್ಯ ಚಿಕಿತ್ಸೆಯ ಕಷ್ಟದಿಂದ ಪಾರುಮಾಡಬೇಕು ಎಂಬ ಪ್ರಶ್ನೆಗಳಿಗೆ ಗಡ್ಡೆಯ ಗಾತ್ರಕ್ಕಿಂತ ಉತ್ತಮ ಉತ್ತರವನ್ನು ಈ ಅಣುಗಳು ಕೊಡಬಲ್ಲವೆಂಬ ಭರವಸೆಗೆ ಆಧಾರವಿದೆ. ಏಕರೂಪದ ಅಳತೆಯಿಂದ, ರೋಗಿಗಳನ್ನು ಮುಂಚಿತವಾಗಿ ಆರಿಸಿಕೊಂಡು ವರ್ಷಗಟ್ಟಲೆ ಗಮನಿಸುವ ಅಧ್ಯಯನಗಳಿಂದ ಆ ಭರವಸೆ ದೃಢಪಡಬೇಕಾಗಿದೆ.