ಲಕ್ಷ ಕುರಿಗೆ 59

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಬಯಲು, ಗುಡ್ಡ, ಕೆರೆಯಂಗಳಗಳಲ್ಲಿ ಮೇಯುವ ಕುರಿ, ಮೇಕೆಗಳು ಲಕ್ಷಗಟ್ಟಲೆ. ಅವನ್ನು ಕಾಡುವ ಪಿಪಿಆರ್ ಎಂಬ ವೈರಸ್ ರೋಗದ ಸೋಂಕು ಅವುಗಳಲ್ಲಿ ನೂರಕ್ಕೆ ಐದಕ್ಕಾದರೂ ತಗುಲಿದೆಯೇ ಎಂದು ತಿಳಿಯಲು ಎಷ್ಟರ ರಕ್ತ ಪರೀಕ್ಷಿಸಬೇಕು? ಹತ್ತು ಸಾವಿರ? ಬೇಡ, 59 ಸಾಕು!

ಲೆಕ್ಕ ನೋಡಿ. ನೂರಕ್ಕೆ 5ರಲ್ಲಿ ಸೋಂಕಿದ್ದರೆ, ಕಣ್ಣುಮುಚ್ಚಿ ಹಿಡಿದ ಕುರಿ ಸೋಂಕಿಲ್ಲದ್ದೇ ಆಗಿರುವ ಸಂಭವ ಶೇ 95. ಹಿಡಿದ ಹತ್ತೂ ಅಂಥವೇ ಆಗಿರುವ ಸಂಭವ ಶೇ 60. ಮೂವತ್ತು ಹಿಡಿದರೆ ಶೇ 21. 59 ಆಗುವಷ್ಟರಲ್ಲಿ ಶೇ 5ಕ್ಕಿಂತ ಕಡಿಮೆ. ಅಂದರೆ 59ರಲ್ಲಿ ಒಂದರಲ್ಲೂ ಸೋಂಕು ಕಾಣದಿದ್ದರೆ, ಅದು ನೂರಕ್ಕೆ ಐದರಷ್ಟು ಹರಡಿಲ್ಲ ಎಂದು ಶೇ 95ರ ಭರವಸೆಯಿಂದ ಹೇಳಬಹುದು. ಒಟ್ಟು ಕುರಿ 20 ಸಾವಿರವಿರಲಿ, 20 ಲಕ್ಷವಿರಲಿ, ಈ 59 ಬದಲಾಗುವುದಿಲ್ಲ. ನೂರಕ್ಕೆ ಒಂದರಷ್ಟು ವಿರಳವಾದ ಸೋಂಕಿಗೂ 299 ಸಾಕು.

ಆದರೆ ರೊಪ್ಪದ ಬಾಗಿಲಲ್ಲಿ ಸಿಕ್ಕವನ್ನೇ ಹಿಡಿದರೆ ಲೆಕ್ಕ ಕೆಡುತ್ತದೆ. ಸೋಂಕು ಮಂದೆ ಮಂದೆಯಾಗಿ ಹರಡುವುದರಿಂದ ಮೊದಲು ಊರು, ಆಮೇಲೆ ಮಂದೆ, ಕೊನೆಗೆ ಕುರಿ ಎಂದು ಚೀಟಿ ಎತ್ತಿದಂತೆ ಆರಿಸಬೇಕು, ಸಂಖ್ಯೆಯನ್ನೂ ಹೆಚ್ಚಿಸಬೇಕು.

ಹರಡುವ ಲೆಕ್ಕ ಇನ್ನೂ ಬೆರಗಿನದು. ಒಂದು ಕುರಿ ನಾಲ್ಕಕ್ಕೆ ಅಂಟಿಸಿದರೆ ಐದನೇ ಸುತ್ತಿನಲ್ಲಿ 1,024 ಕುರಿ ಮಲಗುತ್ತವೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಕುರಿಗೆ ಲಸಿಕೆ ಹಿಡಿದಿದ್ದರೆ ಆ ನಾಲ್ಕರಲ್ಲಿ ಸರಾಸರಿ ಒಂದಕ್ಕೂ ಪೂರಾ ಅಂಟದು. ಸರಪಳಿ ತಾನಾಗಿ ಕಡಿಯುತ್ತದೆ. ಚರ್ಮದಡಿ ಒಂದು ಮಿಲಿಲೀಟರ್ ಲಸಿಕೆ ಕನಿಷ್ಠ ಮೂರು ವರ್ಷ ಕಾಯುತ್ತದೆ. ಆದರೆ ಪ್ರತಿವರ್ಷ ಹುಟ್ಟುವ ಮರಿಗಳಿಗೆ ಆ ಕಾವಲಿಲ್ಲ. ಅವನ್ನು ಬಿಟ್ಟರೆ ಮುಕ್ಕಾಲು ಪಾಲು ಸದ್ದಿಲ್ಲದೆ ಅರ್ಧಕ್ಕಿಳಿಯುತ್ತದೆ.

ಇದು ಬರೀ ಕಾಗದದ ಲೆಕ್ಕವಲ್ಲ. ಪಿಪಿಆರ್ ವೈರಸ್ಸಿನ ದಾಯಾದಿಯಾದ ದನಗಳ ದೊಡ್ಡರೋಗವನ್ನು ಲಸಿಕೆಯ ಜೊತೆಗೆ ಇಂಥದೇ ಎಣಿಕೆಯಿಂದ ಬೆನ್ನಟ್ಟಿ, ಭೂಮಿಯ ಮೇಲಿಂದಲೇ ಅಳಿಸಿರುವುದಾಗಿ 2011ರಲ್ಲಿ ಘೋಷಿಸಲಾಯಿತು. ಸಿಡುಬಿನ ನಂತರ ಹಾಗೆ ಅಳಿದ ಎರಡನೇ ರೋಗ ಅದು. ಪಿಪಿಆರ್‌ಗೆ ಜಗತ್ತು ಇಟ್ಟುಕೊಂಡಿರುವ ಗಡುವು 2030. ಇಂಥ ಎಣಿಕೆಗಳನ್ನು ಆಧರಿಸಿಯೇ ಯಲಹಂಕದ ‘ನಿವೇದಿ’ ಸಂಸ್ಥೆ ಜಾನುವಾರು ರೋಗಗಳ ಮುನ್ಸೂಚನೆಯನ್ನು ಜಿಲ್ಲಾವಾರು ಎರಡು ತಿಂಗಳು ಮೊದಲೇ ಕೊಡುತ್ತದೆ.

ಈ ಲೆಕ್ಕಗಳ ಬುಡ ಇರುವುದು ಕುರಿಗಾಹಿಯ ಬಾಯಲ್ಲಿ. ಐದು ಕುರಿ ಸತ್ತವು ಎಂದರೆ ಅರ್ಧ ಮಾತು. ಇಪ್ಪತ್ತರಲ್ಲಿ ಐದು ಎಂದರೆ ಶೇ 25. ಐನೂರರಲ್ಲಿ ಐದು ಎಂದರೆ ಶೇ 1. ಹಾಗಾಗಿ ಪಶುವೈದ್ಯರಿಗೆ ಸತ್ತವುಗಳ ಜೊತೆ ಬದುಕಿರುವವುಗಳ ಲೆಕ್ಕವನ್ನೂ ಕೊಡಿ. ಪಕ್ಕದ ಹಟ್ಟಿಯ ಮಂದೆ ಉಳಿಯುವುದು ಆ ಎರಡನೇ ಸಂಖ್ಯೆಯಿಂದ.